ಎರಡು ಕುತ್ತಿಗಿಯ ನವಿಲು

ಮೂವತ್ತೊಂದು ವರ್ಷ ಮಗ್ಗದ ಮುಂದ ನಿಂತಾಂವ ನಾ.
ಹಾಸಿನಾಗ ಒಂದು ಎಳಿ ಹರದ್ರ
ಸಣ್ಣ ಪತ್ತಿಯೊಂದು ಕೆಳಗ ಬೀಳ್ತದ,
ಮಗ್ಗ ತಾನ ನಿಲ್ತದ.
ಹುಡುಕಬೇಕು, ಎರಡೂ ತುದಿ ಹಿಡೀಬೇಕು,
ಉಗುಳು ಹಚ್ಚಿ ಗಂಟು ಹಾಕಬೇಕು.
ಇಷ್ಟು ನನಗ ಗೊತ್ತಿತ್ತು.

ಗೊತ್ತಿರಲಾರದ್ದು ಸುಗಲಾಬಾಯಿಗೆ ಗೊತ್ತಿತ್ತು.
ಗೊರಕಿ ನಿಂತಕೂಡ್ಲೆ ಅಕಿಗೆ ಎಚ್ಚರ.
ಒಂದು, ಎರಡು, ಹತ್ತು, ಹದಿನೆಂಟು,
ಕತ್ತಲಾಗ ಎಣಿಸ್ತಿದ್ಳಂತ,
ಇಪ್ಪತ್ತಕ್ಕ ಮೊಣಕೈಲೆ ತಿವೀತಿದ್ಳಂತ.
"ಹೊಳ್ಳಿ ಮಕ್ಕೋರಿ."
ನಾ ಹೊಳ್ಳತಿದ್ದೆ, ಬೈತಿದ್ದೆ, ಮುಂಜಾನೆ ಮರೀತಿದ್ದೆ.
ಹನ್ನೊಂದು ವರ್ಷ ಹಿಂಗ
ಗಂಟು ಹಾಕ್ಯಾಳ, ಒಂದು ಪೈಸೆ ಮಜೂರಿ ಇಲ್ಲದ.

ಹ್ವಾದ ದೀಪಾವಳಿ ಮುಂದ, ಹಾಡುಹಗಲೇ,
ನಿಂತಲ್ಲೇ ಜೊಂಪು ಹತ್ತಿತು.
ಕಣ್ಣು ತೆರದ್ರ ಚಾದರದಾಗ
ಒಂದ ನವಿಲಿಗೆ ಎರಡು ಕುತ್ತಿಗಿ.
ಸೇಟ ನಗಲಿಲ್ಲ. ಪಗಾರದಾಗ ಮುರ್ಕೊಂಡ,
ಚಾದರ ನನ್ನ ಹೆಗಲ ಮ್ಯಾಲ ಒಗದ.

ಸೊಲ್ಲಾಪುರ ಸಾತ ರಸ್ತಾದ ದವಾಖಾನಿಯಾಗ
ಒಂದು ರಾತ್ರಿ ಮೈತುಂಬ ವೈರು ಹಚ್ಚಿ ಮಲಗಿಸಿದ್ರು,
ಹೊಸಾ ಡಿಜೈನಿಗೆ ಹಾಸು ಹೂಡಿದಂಗ.
ಕಾಗದ ನೋಡಿ ಡಾಕ್ಟರೀಣಬಾಯಿ ಮರಾಠಿಯಾಗ
"ಝೋಪೇತ ಶ್ವಾಸ ಥಾಂಬತೋ, ಕಾಕಾ" ಅಂದ್ರು.
ತಾಸಿಗೆ ನಲವತ್ತಮೂರು ಸಲ.
ನಲವತ್ತಮೂರು!
ಅಂಥ ಹಾಸು ಯಾರರ ಕೊಟ್ಟಿದ್ರ
ಅವನ ಮಾರಿಗೆ ಒಗದು ಬರ್ತಿದ್ದೆ.

ಮಷೀನು ಬಂತು, ತಿಂಗಳಾ ಕಂತಿನ ಮ್ಯಾಲ.
ಬುತ್ತಿ ಡಬ್ಬಿಯಷ್ಟು. ಅದಕ್ಕೊಂದು ಸೊಂಡಿ, ಮಾರಿಗೊಂದು ಮುಸುಕು.
ಮೊದಲ ರಾತ್ರಿ ಯಾರೋ ಮೂಗಿನಾಗ
ಬಿರುಗಾಳಿ ತುರುಕಿದಂಗ.
ಬಾಯಿ ತೆರದ್ರ ಮಾತು ಬರೂದಿಲ್ಲ, ಗಾಳಿ ಬರ್ತದ.
ಕಿತ್ತು ಒಗದೆ. ಎರಡನೇ ರಾತ್ರೀನೂ ಒಗದೆ.
ಮೂರನೇ ರಾತ್ರಿ ಕೈ ಎತ್ತಿದ್ರ
ಸುಗಲಾ ಗೋಡಿ ಕಡಿ ಮಾರಿ ಮಾಡಿ
"ನನಗ ಸಾಕಾಗ್ಯದ" ಅಂದ್ಳು. ಅಷ್ಟ.
ಕೈ ಇಳಿಸಿದೆ.

ಮೀಸಿ ಸಂದಿಲೆ ಗಾಳಿ ಸೋರ್ತದ, ತೆಗೀರಿ
ಅಂದ ಮಷೀನು ಮಾರಾಂವ.
ನಲವತ್ತು ವರ್ಷದ ಮೀಸಿ.
ಮರುದಿನ ಚಾದಂಗಡಿ ನರಸಯ್ಯ
ತೊಳಿಯೂ ಕಪ್ಪು ಅಲ್ಲೇ ಬಿಟ್ಟು ಓಡಿ ಬಂದ,
"ಯಾರು ಹೋದ್ರು, ಸಾತಲಿಂಗಪ್ಪ?"
"ಹೋಗಾಂವ ನಾನ ಇದ್ದೆ" ಅಂದೆ,
"ಮೀಸಿ ಮ್ಯಾಲ ಮುಗೀತು."

ಇದಕ್ಕ ಕುಡಿಯಾಕೂ ಬೇಕು,
ಅದೂ ಬ್ಯಾಟರಿ ಅಂಗಡಿಯ ನೀರ ಆಗಬೇಕು.
ನಮ್ಮ ನಳಕ್ಕ ಐದು ದಿನಕ್ಕೊಮ್ಮೆ ಬರ್ತದ,
ಈ ಸಾಹೇಬಗ ದಿನಾ!
ಬೈಕೋತ ತುಂಬುವಾಗ ನೆನಪಾತು,
ಗಾಳಿ ಒಣಗಿದ್ರ ನೂಲು ಹರೀತದಂತ
ಬ್ಯಾಸಗ್ಯಾಗ ಕಾರ್ಖಾನಿ ನೆಲಕ್ಕ
ನೀರು ಹೊಡ್ಯಾಂವ ನಾನ ಅಲ್ಲೇನು?

ಈಗ ನಾ ಮಲಗ್ತೀನಿ. ಅಕಿ ಮಲಗೂದಿಲ್ಲ.
ಸಪ್ಪಳಿಲ್ಲಂದ್ರ ನಿದ್ದಿ ಹತ್ತೂದಿಲ್ಲಂತ.
ಎರಡಕ್ಕ ಏಳ್ತಾಳ, ಮುಸುಕಿನ ತೂತಿನ ಮುಂದ
ಅಂಗೈ ಹಿಡೀತಾಳ,
ಗಾಳಿ ತಾಗಿದ ಮ್ಯಾಲ ಹೊಳ್ಳಿ ಮಲಗ್ತಾಳ.

ನಿನ್ನಿ ರಾತ್ರಿ ಕರೆಂಟು ಹೋತು.
ಓಣಿ ಮಗ್ಗೆಲ್ಲಾ ಒಮ್ಮೆಲೆ ನಿಂತವು,
ನನ್ನ ಡಬ್ಬೀನೂ.
ನನಗ ಎಚ್ಚರಾಗೂದ್ರಾಗ
ಅಕಿ ಮುಸುಕು ಬಿಚ್ಚಿ ಆಗಿತ್ತು.
ಮೊಣಕೈ ನನ್ನ ಪಕ್ಕೆಲಬಿಗೆ ತಾಗಿಸಿ ಕೂತಿದ್ಳು.
ಒಂದು, ಎರಡು...
"ಮಕ್ಕೋ ಸುಗಲಾ, ನಾ ಎಚ್ಚರಿದ್ದೀನಿ" ಅಂದೆ.
"ಗೊತ್ತದ" ಅಂದ್ಳು.
ನವಿಲಿನ ಚಾದರ ಇಬ್ಬರ ಮ್ಯಾಲೂ ಎಳದ್ಳು.
ಎಣಿಸೂದು ಬಿಡಲಿಲ್ಲ.